ಮೊಳೆಯ ಮೇಲೇ ಉಳಿದ ಸರಪಳಿ

ಮಾಗಿಯ ಚಳಿ ಇನ್ನೂ ಬಿಟ್ಟಿರಲಿಲ್ಲ. ಹೊತ್ತು ಮುಳುಗುವ ವೇಳೆ. ಅರಸೀಕೆರೆಯ ಒಂದು ಕುಲುಮೆಯಲ್ಲಿ ಮಾರಣ್ಣಾಚಾರಿ ನನ್ನ ಕೊನೆಯ ಕೊಂಡಿಯನ್ನು ಬಡಿದು ನೀರಿಗೆ ಅದ್ದಿದರು. ಚುಂಯ್ ಎಂದೆ, ಹಾಗೆ ಹುಟ್ಟಿದೆ. ನಾನೊಂದು ಕಬ್ಬಿಣದ ಸರಪಳಿ. "ಆನೆ ಎಳೆದ್ರೂ ಇದು ಕಿತ್ತು ಬರಾಕಿಲ್ಲ" ಎಂದು ಆಚಾರಿ ನನ್ನನ್ನು ಜಗ್ಗಿ ನೋಡಿದರು. ಆ ಮಾತನ್ನು ನಾನು ಮರೆತಿಲ್ಲ.

ಮೊದಲು ಒಂದು ಎಮ್ಮೆಕರುವಿನ ಕೊರಳಲ್ಲಿದ್ದೆ. ಅದನ್ನು ಮಾರಿದ ಮೇಲೆ, ರೈಲ್ವೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ಪದ್ಮನಾಭಯ್ಯನವರ ಮನೆ ಸೇರಿದೆ. ಅವರ ನಾಯಿ ಜಾಕಿ. ರಾತ್ರಿ ಅದನ್ನು ಕಾಂಪೌಂಡಿನಲ್ಲಿ ಬಿಡುವರು; ಬೆಳಿಗ್ಗೆ ಆರಕ್ಕೆ ಸರಿಯಾಗಿ ನನ್ನನ್ನು ಹಿತ್ತಿಲ ಬಾಗಿಲ ಮೊಳೆಯಿಂದ ತೆಗೆದು ಕಟ್ಟುವರು. ಆರೂವರೆಗೆ ಹೂ ಮಾರುವ ಚಿಕ್ಕತಾಯಮ್ಮ ದಿನವೂ ವರ್ತನೆ ಹೂವು ತರುವಳು. ಹೊರಗೆ ಸಿಕ್ಕಿಸಿದರೆ ಬೀದಿ ಹಸು ಎಳೆದು ತಿನ್ನುತ್ತದೆಂದು, ಗೇಟಿನ ಸರಳಿನೊಳಗೆ ಕೈ ತೂರಿಸಿ ಒಳಗಿನ ಕೊಕ್ಕೆಗೆ ಹೂವಿನ ಪೊಟ್ಟಣ ತೂಗುಹಾಕಿ ಹೋಗುವಳು.

ಧನುರ್ಮಾಸ ಬಂತು. "ಸೂರ್ಯ ಹುಟ್ಟೋದ್ರೊಳಗೆ ಪೂಜೆ ಆಗ್ಬೇಕು. ನಾಳೆಯಿಂದ ಐದಕ್ಕೇ ಹೂ ತಂದ್ಬಿಡಮ್ಮ" ಎಂದರು ಪದ್ಮನಾಭಯ್ಯ.

"ಜಾಕಿ ಕಟ್ಟಿರ್ತೀರಾ ಸ್ವಾಮಿ? ಅದು ನಮ್ಮತ್ತೆಗಿಂತ ಜೋರು."

"ಕಟ್ಟಿರ್ತೀನಿ ಹೋಗೇ."

ಹೂವಿನ ಹೊತ್ತು ಬದಲಾಯಿತು, ನಾಯಿ ಕಟ್ಟುವ ಹೊತ್ತು ಬದಲಾಗಲಿಲ್ಲ. ಮಾರನೆಯ ಬೆಳಿಗ್ಗೆ ಎದ್ದವರೇ ಬಚ್ಚಲಿಗೆ ಹೋಗಿ ಸ್ನಾನ ಮುಗಿಸಿ ಮಡಿ ಉಟ್ಟರು. ಆಮೇಲೆ ನೆನಪಾಯಿತೇನೋ, ಹಿತ್ತಿಲ ಬಾಗಿಲಿಗೆ ಬಂದು ನನ್ನನ್ನು ನೋಡಿದರು, ಜಾಕಿಯನ್ನು ನೋಡಿದರು. ಮಡಿಯಲ್ಲಿ ನಾಯಿ ಮುಟ್ಟುವುದು ಹೇಗೆ? ಒಳಗೆ ಹೋದರು. ಗಂಟೆಯ ಸದ್ದು ಶುರುವಾಯಿತು. ಅದರ ನಡುವೆಯೇ ಗೇಟಿನ ಬಳಿ ಚಿಕ್ಕತಾಯಮ್ಮನ ಚೀತ್ಕಾರ. ನಾನು ಮೊಳೆಯ ಮೇಲೆ ನೇತಾಡುತ್ತಿದ್ದೆ.

ಬಲಗೈ ಹೆಬ್ಬೆರಳು, ಪಕ್ಕದ ಬೆರಳು, ಅಂಗೈ. ಹೂ ಕಟ್ಟುವ ಕೈ ಅದು.

ಸುದ್ದಿ ಕೇಳಿ ತಿಪಟೂರಿನಿಂದ ಬಂದ ಅವಳ ತಂಗಿ ಠಾಣೆಗೆ ದೂರು ಕೊಟ್ಟಳು. ಅಂದು ಮಧ್ಯಾಹ್ನ ಪದ್ಮನಾಭಯ್ಯ ಗರಗಸದ ಬ್ಲೇಡು ತಂದು ಹಿತ್ತಿಲಲ್ಲಿ ಕೂತು ನನ್ನ ನಡುವಿನ ಕೊಂಡಿಯನ್ನು ಕೊಯ್ದರು.  ಅಡುಗೆಮನೆ ಬಾಗಿಲಲ್ಲಿ ಅವರ ಹೆಂಡತಿ ಜಾನಕಮ್ಮ ನಿಂತಿದ್ದರು.

ಪೊಲೀಸು ಹನುಮಂತೇಗೌಡರು ಬಂದರು. "ಸಾಕಿದ ಪ್ರಾಣಿಯಿಂದ ಯಾರಿಗೂ ಪೆಟ್ಟಾಗದಂಗೆ ನೋಡ್ಕೊಳ್ಳೋದು ಸಾಕಿದೋರ ಜವಾಬ್ದಾರಿ ಸ್ವಾಮಿ. ಕಾನೂನೇ ಐತೆ. ಕಟ್ಟಿದ್ರಾ?"

"ಕಟ್ಟಿದ್ದೆ. ಸರಪಳಿ ಕಿತ್ಕೊಂಡ್ಹೋಯ್ತು. ನಾನೇನ್ಮಾಡ್ಲಿ?"

ಗೌಡರು ಕೊಯ್ದ ಜಾಗಕ್ಕೆ ಬೆರಳಾಡಿಸಿದರು. "ಕಿತ್ತಿದ್ರೆ ಕೊಂಡಿ ಬಾಯ್ಬಿಡ್ಬೇಕಿತ್ತು. ಇದು ನುಣ್ಣಗೈತಲ್ಲ... ಅಮ್ಮಾ, ನೀವೇನಾರ ಕಂಡ್ರಾ?"

ಜಾನಕಮ್ಮ ಸೆರಗು ಸರಿಮಾಡಿಕೊಂಡರು. "ನಾನು ಒಳಗಿದ್ದೆ."

ನಾನು ಝಣ್ ಎಂದೆ. ನನಗಿರುವ ಮಾತು ಅದೊಂದೇ. ಗೌಡರು ನನ್ನನ್ನು ಚೀಲಕ್ಕೆ ಹಾಕಿದರು.

ಠಾಣೆಯಲ್ಲಿ ಎರಡೂ ಕಡೆಯವರನ್ನು ಕೂರಿಸಿದರು. ನಾನು ಮೇಜಿನ ಮೇಲಿದ್ದೆ. "ಅಕ್ಕಾ, ಬಿಡಬ್ಯಾಡ" ಎಂದಳು ತಂಗಿ. ಚಿಕ್ಕತಾಯಮ್ಮ ಒಪ್ಪದೆ ತಲೆಯಾಡಿಸಿದಳು. "ಕಟ್ಟಿದ್ರಂತಲ್ಲೇ. ಕಿತ್ಕೊಂಡ್ ಬಂದ್ರೆ ಪಾಪ ಅವ್ರಾದ್ರೂ ಏನ್ಮಾಡ್ತಾರೆ?" ಆಮೇಲೆ ನನ್ನ ಕಡೆ ತಿರುಗಿ, "ಥೂ, ಹಾಳು ಸರಪಳಿ! ನನ್ನ ಕೈ ತಿಂದ್ಯಲ್ಲ" ಎಂದಳು. ಬಲಗೈಗೆ ಬಟ್ಟೆ ಸುತ್ತಿತ್ತು; ರಾಜಿಪತ್ರಕ್ಕೆ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡರು. ಪದ್ಮನಾಭಯ್ಯ ಗೋಡೆ ಗಡಿಯಾರ ನೋಡುತ್ತಿದ್ದರು.

ನನ್ನನ್ನು ಮನೆಗೇ ಹಿಂದಿರುಗಿಸಿದರು. ಜಾಕಿಗೆ ಹೊಸ ಸರಪಳಿ ಬಂದಿದೆ. ಈಗ ನಾಲ್ಕೂವರೆಗೇ ಕಟ್ಟುತ್ತಾರೆ. ನಾನು ಎರಡು ತುಂಡಾಗಿ ಅದೇ ಮೊಳೆಯ ಮೇಲಿದ್ದೇನೆ, ತುಕ್ಕು ಹಿಡಿಯುತ್ತಿದೆ. ಕೊಯ್ದ ಬಾಯಿ ಮಾತ್ರ ಬಹಳ ದಿನ ಹೊಳೆಯಿತು. ಕಟ್ಟಿದ್ದರೆ ಹಿಡಿದಿಡುತ್ತಿದ್ದೆ. ಇಷ್ಟನ್ನು ಅವಳೊಬ್ಬಳಿಗೆ ಹೇಳುವಂತಿದ್ದರೆ ಸಾಕಿತ್ತು.

ಅವಳು ಒಮ್ಮೆ ಬಂದಿದ್ದಳು, ಹಗಲಲ್ಲೇ. ಬೆರಳು ಮಡಚಲು ಬರುತ್ತಿರಲಿಲ್ಲ. "ದಾರ ಹಿಡಿಯಾಕಾಗ್ತಿಲ್ಲ ಕಣವ್ವ, ತಂಗಿ ಮನೆಗೆ ಹೋಯ್ತೀನಿ" ಎಂದಳು. ಜಾನಕಮ್ಮ ಕುಂಕುಮ ಕೊಟ್ಟರು. ಆಮೇಲೆ ನನ್ನತ್ತ ಒಮ್ಮೆ ನೋಡಿ, ಒಳಗೆ ಹೋದರು.

ರಥಸಪ್ತಮಿಯ ಮಾರನೆಯ ದಿನ, ಗುರುವಾರ, ಚಿಕ್ಕತಾಯಮ್ಮ ತಿಪಟೂರಿಗೆ ಹೊರಟುಹೋದಳು.