ಮಹಾಂತಮ್ಮನ ಹೆಸರಿನ ಊಟ

ಅಕ್ಕನ ಹೆಸರಿನ ಸ್ಕಾಲರ್‌ಶಿಪ್ಪು ತೆಗೆದುಕೊಳ್ಳಲು ಆದವಾನಿಯಲ್ಲಿ ಒಬ್ಬ ಹುಡುಗಿಯೂ ಸಿಗಲಿಲ್ಲ.

ಅಕ್ಕ ಮಹಾಂತಮ್ಮ ಬಳ್ಳಾರಿಯ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾಗ ವಿಷಮಜ್ವರ ಬಂದು ತೀರಿಕೊಂಡಳು. ಆಮೇಲೆ ನಮ್ಮ ಮನೆಯಲ್ಲಿ ಯಾರೂ ಅವಳ ಹೆಸರೆತ್ತಲಿಲ್ಲ. ಅವ್ವನೇ ಹಟ ಹಿಡಿದು, ತವರಿನವರು ಕೊಟ್ಟ ಹೊಲ ಮಾರಿಸಿ, ಬಡ ಹುಡುಗಿಯೊಬ್ಬಳಿಗೆ ಅದೇ ಹಾಸ್ಟೆಲಿನಲ್ಲಿ ಊಟ, ಫೀಜು ಸಿಗುವಂತೆ ಮಾಡಿದಳು. ವರ್ಷಕ್ಕೊಮ್ಮೆ ಸ್ಕೂಲಿನ ಸಭೆಯಲ್ಲಿ ‘ಮಹಾಂತಮ್ಮ ಸ್ಕಾಲರ್‌ಶಿಪ್’ ಎಂದು ಎಲ್ಲರೆದುರು ಕೂಗುತ್ತಾರೆಂದು ಅವಳಿಗೆ ಯಾರೋ ಹೇಳಿದ್ದರು. ಆ ಕೂಗು ಕಿವಿಗೆ ಬೀಳಬೇಕೆಂಬುದೊಂದೇ ಅವಳ ಆಸೆ.

ಎರಡು ವರ್ಷ ಯಾರೂ ಬರಲಿಲ್ಲ. ಈ ಜೂನಿನಲ್ಲೂ ಯಾರೂ ಬರದಿದ್ದರೆ ಆ ಹಣ ಮಠದ ಹೊಸ ಬಾಗಿಲಿಗೆ ಎಂದು ಅಪ್ಪ ಹೇಳಿಬಿಟ್ಟರು.

ನಮ್ಮ ಅಂಗಳದಲ್ಲಿ ಹತ್ತಿಯ ಕಸ ಆರಿಸಲು ಬರುವ ಉಚ್ಚಮ್ಮನಿಗೆ ಓದಿನಲ್ಲಿ ಜಾಣೆಯಾದ ಮೊಮ್ಮಗಳಿದ್ದಳು, ಗಾದಿಲಿಂಗಮ್ಮ. ಅವ್ವ ಮುದುಕಿಯ ಎದುರು ನೆಲಕ್ಕೆ ಕುಳಿತಳು.

“ನಿನ್ನ ಮೊಮ್ಮಗಳನ್ನ ಕಳಸು ಉಚ್ಚಮ್ಮ. ಕಾಲು ಹಿಡೀತೀನಿ.”

“ವದ್ದು ತಲ್ಲಿ, ಬ್ಯಾಡ. ಸತ್ತಾಕಿ ಹೆಸರಿನ ಕೂಳು ಮದಿವಿ ಆಗದ ಹುಡುಗಿ ಉಂಡ್ರ ಆಕಿ ದಾರೀನ ಹಿಡೀತಾಳಂತ. ಊರೆಲ್ಲ ಅಂತಾರ. ನಿಮ್ಮ ಮುಂದ ಅನ್ನಂಗಿಲ್ಲ, ಅಷ್ಟ.”

“ಸುಳ್ಳ ಅದು.”

“ಸುಳ್ಳಾದ್ರ ಇಕಿನ್ಯಾಕ ಕಟ್ಟಿಹಾಕೀರಿ ಅವ್ವಾರ?” ಉಚ್ಚಮ್ಮ ಗದ್ದದಿಂದಲೇ ನನ್ನನ್ನು ತೋರಿಸಿದಳು. “ಪಂಜರದ ಗಿಣಿಯಂಗ ಕಿಡಕ್ಯಾಗ ಕುಂತಿರ್ತಾಳ. ಆದ್ರ ಗಿಣಿ ಮಾತಾರ ಆಡತೈತಿ. ಮೊದಲು ಇಕಿ ಆ ಹಾಸ್ಟೆಲಿನ್ಯಾಗ ಉಣ್ಣಲಿ. ಇಕಿ ಹೋದ್ರ ನಮ್ಮಾಕೀನೂ ಬರ್ತಾಳ.”

ನಾನು ತಲೆ ತಗ್ಗಿಸಿದೆ. ಅಕ್ಕ ಹೋದ ಮೇಲೆ ಅವ್ವ ನನ್ನ ಓದು ಬಿಡಿಸಿದ್ದಳು. ದಿನಾ ಬೆಳಿಗ್ಗೆ ನಾನು ಕಣ್ಣು ಬಿಡುವ ಮೊದಲೇ ನನ್ನ ಹಣೆ ಮುಟ್ಟಿ ನೋಡುತ್ತಿದ್ದಳು. ನನಗೂ ಹೋಗುವ ಆಸೆಯಿತ್ತು. ಆ ಕೈ ಹಣೆಯ ಮೇಲಿರುವಾಗ ಅದನ್ನು ಹೇಳುವುದು ಹೇಗೆ?

ಅವ್ವ ಸರಿಯಾಗಿ ಊಟ ಮಾಡುವುದನ್ನು ಬಿಟ್ಟಳು. ಒಂದು ಮಧ್ಯಾಹ್ನ ಅಟ್ಟದ ಮೇಲಿದ್ದ ಅಕ್ಕನ ಟ್ರಂಕನ್ನು ತಾನೇ ಇಳಿಸಿದಳು. ಅಕ್ಕನ ಸೀರೆಗಳನ್ನು ತೆಗೆದು ನನ್ನವನ್ನು ಇಟ್ಟಳು. ಮತ್ತೆ ತೆಗೆದಳು. ಮತ್ತೆ ಇಟ್ಟಳು.

ಹೊರಡುವ ದಿನ ಸ್ಟೇಷನ್ನಿಗೆ ಹೋಗುವ ಎತ್ತಿನ ಗಾಡಿ ಬಾಗಿಲಲ್ಲಿತ್ತು. ಗಾದಿಲಿಂಗಮ್ಮ ಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಆಗಲೇ ಕುಳಿತಿದ್ದಳು. ನಾನೂ ಹತ್ತಿ ಕುಳಿತೆ. ಅವ್ವ ಕೈ ಚಾಚಿ ನನ್ನ ಹಣೆ ಮುಟ್ಟಿದಳು.

“ಸುಡ್ತೈತಿ. ಇಳಿ, ಜ್ವರ ಬಂದಾವ.”

ಅಪ್ಪನೂ ಮುಟ್ಟಿ ನೋಡಿದರು. “ಏನೂ ಇಲ್ಲಲ್ಲ.”

“ನನ್ನ ಕೈಗೆ ಗೊತ್ತಾಕ್ಕೈತಿ. ಇಳಿ.”

ಉಚ್ಚಮ್ಮ ಮೊಮ್ಮಗಳ ಗಂಟಿಗೆ ಕೈ ಹಾಕಿದಳು. “ನೀನೂ ಇಳಿಯವ್ವ. ಅವರ ಕೂಸು ಅವರಿಗೆ, ನಮ್ಮ ಕೂಸು ನಮಗ.”

ಗಾದಿಲಿಂಗಮ್ಮ ಗಂಟು ಬಿಡಲಿಲ್ಲ. ನನ್ನ ಮುಖವನ್ನೇ ನೋಡಿದಳು.

“ಅವ್ವ,” ಅಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. “ಇಕಿ ಹಣೀನೂ ಮುಟ್ಟಿ ನೋಡು.”

ಅವ್ವ ಇನ್ನೊಂದು ಕೈ ಅವಳ ಹಣೆಯ ಮೇಲಿಟ್ಟಳು. ಎರಡು ಹಣೆಗಳ ಮೇಲೆ ಎರಡು ಕೈ ಇಟ್ಟು ಬಹಳ ಹೊತ್ತು ನಿಂತಳು.

“ಇಕಿದೂ ಹಂಗ ಐತಿ,” ಅಂದಳು ಕೊನೆಗೆ.

“ಹಂಗಾದ್ರ ಅದು ಜ್ವರ ಅಲ್ಲವ್ವ. ಹೋಗ್ತೀವಿ. ಅಕ್ಕನ ಹೆಸರು ಕೂಗಿದಾಗ ಇಕಿ ಎದ್ದು ನಿಂದರ್ತಾಳ. ನೀ ಬಂದು ಕೇಳು.”

ಉಚ್ಚಮ್ಮ ಗಂಟಿನಿಂದ ಕೈ ತೆಗೆದಳು. ಅಪ್ಪ ಸನ್ನೆ ಮಾಡಿದರು, ಎತ್ತುಗಳು ಹೆಜ್ಜೆ ಇಟ್ಟವು. ನನ್ನ ಹಣೆಯಿಂದ ಜಾರಿದ ಕೈ ಗಾಡಿಯ ಹಿಂದಿನ ಹಲಗೆಯನ್ನು ಹಿಡಿದುಕೊಂಡಿತು. ಅವ್ವ ಬರಿಗಾಲಲ್ಲಿ ಗಾಡಿಯ ಹಿಂದೆಯೇ ನಡೆದಳು. ಹತ್ತಿ ಪ್ರೆಸ್ಸು ದಾಟಿದರೂ ಬಿಡಲಿಲ್ಲ.

“ಆ ಸಭಾ ಯಾವಾಗ?”

“ಮಾರ್ಚಿನ್ಯಾಗ ಅಂತ.”

“ಅಲ್ಲೀತನಕ ನಿನ್ನ ಹಣಿ ಯಾರು ಮುಟ್ಟಿ ನೋಡ್ತಾರ?”

ರೈಲ್ವೆ ಗೇಟು ಕಾಣಿಸಿತು. ಹಲಗೆಯ ಮೇಲಿನ ಬೆರಳುಗಳು ಇನ್ನೂ ಸಡಿಲವಾಗಿರಲಿಲ್ಲ.