ಕುರುಡಿ ಮೀನಿನ ಮರಿಗಳಿಗೆ ಮೇವು ಹಾಕುವ ಬಗೆ

ಬಾಳೂರಿನ ಕಾಫಿ ಬೆಳೆಗಾರ ದಿಲೀಪ್ ಅವರ ಕೆರೆಯಲ್ಲಿ ಮೀನುಮರಿಗಳು ದಿನದಿನಕ್ಕೂ ಕಡಿಮೆಯಾಗುತ್ತಿದ್ದವು. ಸತ್ತು ತೇಲಿದ್ದು ಮಾತ್ರ ಒಂದೂ ಕಾಣಲಿಲ್ಲ.

ಅವು ಕುರುಡಿ ಮರಿಗಳು. ಕುರುಡಿ ಸಮುದ್ರದಲ್ಲೂ ಉಪ್ಪುನೀರಿನ ಹೊಳೆಗಳಲ್ಲೂ ಇರುವ ಮೀನಾದರೂ ನಿಧಾನವಾಗಿ ಒಗ್ಗಿಸಿದರೆ ಸಿಹಿನೀರಿನಲ್ಲೂ ಬೆಳೆಯುತ್ತದೆ. ದಿಲೀಪ್ ಅವರ ಹೆಂಡತಿ ಶಾಲಿನಿ ಬಾರ್ಕೂರಿನ ಹೊಳೆದಂಡೆಯವರು. ಅಪ್ಪ ಬಲೆ ಬೀಸಿ ತರುತ್ತಿದ್ದುದು ಇದೇ ಮೀನು. ಅಪ್ಪ ತೀರಿಹೋದ ಮೇಲೆ ಶಾಲಿನಿಗೆ ಊಟ ಸೇರುತ್ತಿರಲಿಲ್ಲ, ಹೊಳೆಯ ಮಾತೇ ಮಾತು. ಅದನ್ನು ನೋಡಲಾರದೆ ದಿಲೀಪ್ ಮರಿ ತರಿಸಿ, ಕೆರೆಯೊಳಗೆ ಬಲೆಯ ಗೂಡು ಕಟ್ಟಿ ಅದರಲ್ಲಿ ಬಿಟ್ಟಿದ್ದರು.

"ನೀರುನಾಯಿ ಕಾಟ ಇದು," ಎಂದರು ದಿಲೀಪ್.

"ಬಲೆ ಹರಿದಿಲ್ವಲ್ರೀ. ಅವಕ್ಕೂ ಈ ಊರು ಹಿಡಿಸ್ಲಿಲ್ಲ, ಅಷ್ಟೆ," ಎಂದರು ಶಾಲಿನಿ.

ಆ ಮಾತು ಚುಚ್ಚಿತು. ದಿಲೀಪ್ ಅಂದೇ ಶಾಲಿನಿಯ ತಮ್ಮ ಅಶ್ವಿನ್‌ಗೆ ಫೋನು ಮಾಡಿದರು. ಅವನು ಬಾರ್ಕೂರಿನಲ್ಲಿ ಮೀನು ಸಾಕುವವನು.

ಅಶ್ವಿನ್ ಬಂದು ದಂಡೆಯ ಮೇಲೆ ಕೂತ. ಆಳುಗಳ ಹಾಜರಿ ಮುಗಿಸಿ ಬಂದ ದಿಲೀಪ್, ಕೊಚ್ಚಿದ ಮೀನನ್ನು ಬಕೆಟ್ಟಿನಿಂದ ಒಂದೇ ಮೂಲೆಗೆ ಸುರಿದು ತೋಟಕ್ಕೆ ಹೊರಟರು.

"ಏನ್ ಭಾವ, ಕಾಫಿಗೆ ಗೊಬ್ಬರ ಹಾಕೋ ರೌಂಡಾ ಇದು?"

"ದಿನದ್ದು ಒಟ್ಟಿಗೇ ಹಾಕಿದೀನಲ್ಲ ಮಾರಾಯ! ಹಸಿದಾಗ ತಿಂತಾವೆ."

"ತಿಂತಾವೆ, ಒಂದನ್ನೊಂದು! ಅಲ್ನೋಡಿ."

ದೊಡ್ಡ ಮರಿಯೊಂದರ ಬಾಯಿಂದ ಸಣ್ಣ ಮರಿಯ ಬಾಲ ಹೊರಗೆ ಚಾಚಿತ್ತು. ದಿಲೀಪ್ ಬಕೆಟ್ ಕೆಳಗಿಟ್ಟರು.

"ಬಲವಾದವು ಮೂಲೆ ಹಿಡಿದ್ವು, ಸಣ್ಣವಕ್ಕೆ ಸಿಕ್ಕಲಿಲ್ಲ. ಉಳಿದಿದ್ದು ತಳದಲ್ಲಿ ಕೊಳೆತು ನೀರು ಕೆಡ್ತು. ಮತ್ತೆ ಹಸಿವಾದಾಗ ಪಕ್ಕದ್ದೇ ಊಟ. ನರ್ಸರಿಯ ಕಾಫಿ ಗಿಡಕ್ಕೆ ವಾರದ ನೀರು ಒಂದೇ ದಿನ ಹೊಯ್ತೀರಾ?"

"ಕೊಳೆತು ಹೋಗುತ್ತೆ. ಆದ್ರೆ ತೋಟ ಬಿಟ್ಟು ಮೂರುಹೊತ್ತೂ ಇಲ್ಲಿ ಯಾರು ನಿಲ್ತಾರೆ ಮಾರಾಯ?"

"ನನ್ನನ್ನ ಯಾರಾದ್ರೂ ಕೇಳಿದ್ರಾ?" ಎಂದರು ಶಾಲಿನಿ.

ದಿಲೀಪ್ ಬಕೆಟ್ಟನ್ನು ಎತ್ತಿ ಆಕೆಯ ಕೈಗೆ ಕೊಟ್ಟರು. ಆಕೆಗೆಂದು ತಂದ ಮೀನಿನ ಹತ್ತಿರ ಆಕೆಯನ್ನೇ ಬಿಟ್ಟಿರಲಿಲ್ಲ.

ಅಂದೇ ದೊಡ್ಡ ಮರಿಗಳನ್ನು ಬೇರೆ ಬಲೆಗೆ ಹಾಕಿದರು. ಶಾಲಿನಿ ತಾಜಾ ಮೀನನ್ನು ಮರಿಯ ಬಾಯಿಗೆ ತಕ್ಕಷ್ಟು ಸಣ್ಣಗೆ ಕೊಚ್ಚಿ, ಮೂರುಹೊತ್ತೂ ಚೂರುಚೂರೇ ಎಲ್ಲ ಕಡೆಗೂ ಎರಚತೊಡಗಿದರು. ಮರಿಗಳು ನುಗ್ಗುವುದು ನಿಂತ ಕೂಡಲೇ ಕೈ ನಿಲ್ಲಿಸುತ್ತಿದ್ದರು.

ಮರಿಗಳು ಉಳಿದವು, ಅಂಗೈ ಮೀರಿ ಬೆಳೆದವು.

"ಸಾರು ಯಾವಾಗ?" ದಿಲೀಪ್ ಕೇಳಿದರು.

"ತಾಳ್ರೀ. ಅವು ಮೇಲೆ ಬಂದು ನೀರು ಬಡಿಯೋ ಸದ್ದು ಇನ್ನೊಂದಿಷ್ಟು ದಿನ ಕೇಳ್ತೀನಿ. ನಮ್ಮ ಹೊಳೇಲಿ ಹೀಗೇ ಕೇಳ್ತಿತ್ತು."

ಮೀನುಮರಿ ಸಾಕುವವರೇ, ಮೇವು ಸುರಿದು ಬೆನ್ನು ತಿರುಗಿಸಬೇಡಿ. ಸ್ವಲ್ಪ ಸ್ವಲ್ಪವೇ ಹಲವು ಸಲ ಹಾಕಿ. ಒಂದೇ ಗಾತ್ರದ ಮರಿಗಳನ್ನು ಒಟ್ಟಿಗಿಡಿ. ಎಲ್ಲಕ್ಕಿಂತ ಮೊದಲು, ದಂಡೆಯಲ್ಲಿ ನಿಂತು ನೋಡಿ. ಎಷ್ಟು ಬೇಕು, ಯಾವಾಗ ಸಾಕು ಎಂದು ಅವೇ ಹೇಳುತ್ತವೆ.