ತೊಗಟೆಯ ಕಪ್ಪು

ಸೋಣ ತಿಂಗಳ ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಮಣಿಪಾಲದ ಪ್ರಯೋಗಾಲಯದಲ್ಲಿ ಅಟೆಂಡರ್ ದೇವದಾಸ ಬೆಳಗ್ಗಿನಿಂದ ಗಾಜಿನ ನಳಿಗೆಗಳನ್ನು ತೊಳೆದು ಬೋರಲು ಹಾಕುತ್ತಿದ್ದ. ಸುಭಾಷಿಣಿ ಮೇಡಂ ಟ್ಯಾನಿಕ್ ಆಮ್ಲದ ಪುಡಿಯನ್ನು ತೂಗಿ ನೀರಿನಲ್ಲಿ ಹಾಕಿಟ್ಟಿದ್ದರು. ಅದು ಅವರ ಸ್ಟ್ಯಾಂಡರ್ಡ್. ಯಾವ ಮರದ ತೊಗಟೆಯಲ್ಲಿ ಎಷ್ಟು ಚೊಗರಿದೆ ಎಂದು ಅದಕ್ಕೆ ಹೋಲಿಸಿಯೇ ಅಳೆಯುವುದು.

ಕಲಕಲು ಗಾಜಿನ ಕಡ್ಡಿ ಸಿಗದೆ ದೇವದಾಸ ತುಕ್ಕು ಹಿಡಿದ ಚೂರಿಯನ್ನು ಅದ್ದಿದ. ತಿಳಿಹಳದಿ ನೀರು ನೋಡನೋಡುತ್ತ ಕಪ್ಪಾಯಿತು.

"ಕಬ್ಬಿಣ ಹಾಕಿದ್ರಾ? ಹೋಯ್ತು ಮಾರಾಯ್ರೆ, ಬೆಳಗ್ಗಿನ ಕೆಲಸ ಎಲ್ಲ ಹೋಯ್ತು!" ಎಂದರು ಮೇಡಂ.

ದೇವದಾಸ ಆ ಕಪ್ಪನ್ನೇ ನೋಡುತ್ತಿದ್ದ. "ನೂಲಿಗೆ ಇದು ಹಿಡಿದರೆ ಎಂತ ಆಗ್ತದೆ ಮೇಡಂ?"

"ಮೊದಲು ಚಂದ ಕಾಣ್ತದೆ. ಆಮೇಲೆ ನೂಲು ಒಳಗಿಂದಲೇ ಲಡ್ಡಾಗ್ತದೆ, ಎಳೆದರೆ ಹರೀತದೆ."

ಒಂಬತ್ತು ವರ್ಷದ ಹಿಂದೆ, ಎಪ್ಪತ್ತನೇ ಇಸವಿಯ ಸೋಣದಲ್ಲಿ, ಕಾಪುವಿನ ಮನೆಯಂಗಳದಲ್ಲಿ, ಅಣ್ಣ ವಾಸುವಿನ ಹತ್ತಿಬಲೆಗೆ, ನೂಲು ಗಟ್ಟಿಯಾಗಲೆಂದು, ತೊಗಟೆಯ ಕಷಾಯ ಕುಡಿಸಿದವನು ದೇವದಾಸನೇ. ಕಷಾಯ ಕುದಿಸುವ ತಾಮ್ರದ ಹಂಡೆ ಮದುವೆಮನೆಗೆ ಹೋಗಿತ್ತು. ಅವನು ಕಬ್ಬಿಣದ ಡ್ರಮ್ಮಿನಲ್ಲಿ ಕುದಿಸಿದ. ಕೆಂಪಾಗಬೇಕಾದ ಬಲೆ ಕಾಗೆಯಂತೆ ಕಪ್ಪಾಗಿತ್ತು. ಎಲ್ಲರೂ ಮೆಚ್ಚಿದರು. ಎರಡು ತಿಂಗಳಲ್ಲಿ ಮೀನು ತುಂಬಿದ ಬಲೆ ಹರಿಯಿತು. ಹರಿದ ಬಾಯಿ ಕಟ್ಟಲು ನೀರಿಗೆ ಹಾರಿದ ವಾಸು ಅದೇ ಬಲೆಯಲ್ಲಿ ಸಿಕ್ಕಿಕೊಂಡು ಸತ್ತ. ಮುಟ್ಟಿನ ದಿನ ಅವನ ಹೆಂಡತಿ ಪುಷ್ಪಾವತಿ ಬಲೆ ದಾಟಿದ್ದೇ ಕಾರಣ ಎಂದಿತು ಊರು. ಅಂದಿನಿಂದ ದೋಣಿ ನೀರಿಗಿಳಿಯುವಾಗ ಪುಷ್ಪಾವತಿ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು.

ಕಪ್ಪು ನೀರನ್ನು ದೇವದಾಸ ಸಣ್ಣ ಸೀಸೆಯಲ್ಲಿ ಇಟ್ಟುಕೊಂಡ. ಎಷ್ಟು ತಿಕ್ಕಿದರೂ ಉಗುರಿನ ಸಂದಿಯ ಕಲೆ ಹೋಗಲಿಲ್ಲ. ಊಟಕ್ಕೆ ಕುಳಿತರೆ ಅನ್ನದಲ್ಲಿ ಹಸಿ ತೊಗಟೆಯ ವಾಸನೆ. ಮಲಗಿದರೆ ಅಂಗಳದಲ್ಲಿ ಯಾರೋ ಒದ್ದೆ ಬಲೆ ಎಳೆಯುವ ಸದ್ದು.

ಭಾನುವಾರ ಬೆಳಗ್ಗೆ ಕಾಪುವಿನಲ್ಲಿ ಬಸ್ಸಿಳಿದ. ದೋಣಿ ನೂಕುವ ಹೊತ್ತು. ಅತ್ತಿಗೆ ಕತ್ತಲೆ ಕೋಣೆಯಲ್ಲಿ ಕುಳಿತಿದ್ದಳು. ಅವನು ಸೀಸೆ ತೋರಿಸಿ, ಡ್ರಮ್ಮಿನ ವಿಷಯ ಪೂರ್ತಿ ಹೇಳಿದ.

ಅವಳು ಸೀಸೆಯನ್ನು ಬಾಗಿಲ ಸಂದಿಯ ಬೆಳಕಿಗೆ ಹಿಡಿದು ನೋಡಿ ಹಿಂತಿರುಗಿಸಿದಳು.

"ನಾನು ದಾಟಲೇ ಇಲ್ಲ ದೇವು," ಎಂದಳು. "ಕೇಳಿ ಕೇಳಿ, ದಾಟಿದೆನೋ ಏನೋ ಅಂತ ನನಗೇ ಅನ್ನಿಸಿಬಿಟ್ಟಿತ್ತು."

"ತಪ್ಪಾಯ್ತು ಅತ್ತಿಗೆ."

"ನನಗೆ ಹೇಳಿ ಎಂತ ಪ್ರಯೋಜನ? ಅಲ್ಲಿ ದೋಣಿಯ ಹತ್ತಿರ ಹೋಗಿ ಹೇಳು." ಎದ್ದು ಬಾಗಿಲು ತೆರೆದಳು. ಒಂಬತ್ತು ವರ್ಷಗಳಲ್ಲಿ ಆ ಹೊತ್ತಿಗೆ ಅದು ತೆರೆದದ್ದು ಮೊದಲ ಸಲ.

ಮರಳಿನ ಮೇಲೆ ಇಪ್ಪತ್ತು ಜನ ದೋಣಿಗೆ ಭುಜ ಕೊಟ್ಟಿದ್ದರು. ಅವರಲ್ಲಿದ್ದ ಚಂದು ಕೂಗಿದ: "ಎಂತ ದೇವಣ್ಣ, ಸೀಸೆ ಹಿಡ್ಕೊಂಡು! ಮಣಿಪಾಲದ ಮದ್ದಾ? ನನ್ನ ಸೊಂಟಕ್ಕೂ ಸ್ವಲ್ಪ ಹಾಕು ಮಾರಾಯ!"

ಎಲ್ಲರೂ ನಕ್ಕರು. ಹೇಳಲೆಂದು ದೇವದಾಸನ ಬಾಯಿ ತೆರೆಯಿತು. ಅವನೂ ನಕ್ಕ. ಸೀಸೆಯನ್ನು ಜೇಬಿಗೆ ಹಾಕಿ ದೋಣಿಗೆ ಭುಜ ಕೊಟ್ಟ.

ದೋಣಿ ತೇಲಿದ ಮೇಲೆ ತಿರುಗಿ ನೋಡಿದ. ಅತ್ತಿಗೆಯ ಬಾಗಿಲು ಮುಚ್ಚಿತ್ತು.